ಮೇಬಲಮ್ಮನ ಒಡೆದ ಗಂಟಲು

ಅವರೆಕಾಯಿಯ ಸೊಗಡು ಮೂಗಿಗೆ ಬಡಿದರೆ ಬೇರೆಯವರಿಗೆ ಮುದ್ದೆ, ಸಾರು ನೆನಪಾಗುತ್ತದೆ. ನನಗೆ ಸಿಟ್ಟು ಬರುತ್ತದೆ.

ಮೊನ್ನೆ ಬೆಳಗ್ಗೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ಮಾರಿಕುಪ್ಪಂ ರೈಲಿಗೆ ಕಾಯುತ್ತಾ ಹಾಲಿನ ಕ್ಯಾನಿನ ಪಕ್ಕ ಕೂತಿದ್ದೆ. ಯಾರೋ ಅವರೆಕಾಯಿ ಮೂಟೆಗಳನ್ನು ತಂದು ಇಳಿಸಿದ್ದರು. ಮಂಜಿಗೆ ನೆಂದು ಸೊಗಡು ಗಮ್ಮೆಂದು ಹೊಡೆಯುತ್ತಿತ್ತು. ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಫೋನಿನಲ್ಲಿ ಹಾಡು ಹಾಕಿಕೊಂಡು ನಿಂತಿದ್ದಳು. ಇಂಗ್ಲಿಷ್ ಹಾಡು. ಎರಡು ಸಾಲಿಗೇ ನನಗೆ ಗುರುತು ಹತ್ತಿತು.

"ಯಾರಮ್ಮ ಅದು ಪದ ಯೋಳ್ತಿರೋದು?" ಎಂದು ಕೇಳಿದೆ.

ಫೋನು ನೋಡಿ ಹೇಳಿದಳು: "ಮೇಬಲ್ ಅಂತ ಅಜ್ಜಿ. ಹಳೇ ಸಿಂಗರ್ರು. ಎಪ್ಪತ್ತು ದಾಟೈತಂತೆ. ಗಂಟ್ಲು ಕೇಳಿದ್ರೆ ವಯಸ್ಸೇ ಗೊತ್ತಾಗಲ್ಲ, ಅಲ್ವಾ?"

"ಅದು ಅವಳ ಗಂಟ್ಲಲ್ಲ ಕಣಮ್ಮ. ಕದ್ದವರು ಇಕ್ಕಿರೋ ಗಂಟ್ಲು."

ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಆಚೆ ಬೆಂಚಿಗೆ ಹೋದಳು. ಹುಚ್ಚು ಮುದುಕಿ ಎಂದುಕೊಂಡಿರಬೇಕು. ಎಂದುಕೊಳ್ಳಲಿ. ಆ ಹಾಡನ್ನು ಮೇಬಲಮ್ಮ ನಿಜವಾಗಿ ಹಾಡಿದ ದಿನ ನಾನು ಅವಳ ಮನೆಯಲ್ಲೇ ಕೂತು ಅವರೆಬೇಳೆ ಹಿತುಕುತ್ತಿದ್ದೆ. ಫೋನಿನಲ್ಲಿ ಇರುವುದು ಅದಲ್ಲ. ಯಾರು ಎಷ್ಟು ಹೊಗಳಿ ಬರೆದರೂ ಅದಲ್ಲ.

ಇದು ಹೋದ ವರ್ಷಕ್ಕಿಂತ ಹಿಂದಿನ ಅವರೆ ಕಾಲದಲ್ಲಿ ಶುರುವಾದದ್ದು.

ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ಆ ಮನೆಗೆ ಮೊದಲು ನಮ್ಮವ್ವ ಹಾಲು ಹಾಕುತ್ತಿದ್ದಳು, ಅವಳು ಹೋದ ಮೇಲೆ ನಾನು. ಹೆಂಚಿನ ಮನೆ, ಮುಂದೆ ಜಗಲಿ, ನುಗ್ಗೆಮರ, ಹಿಂದಿನ ಗೋಡೆಯಾಚೆ ಗಣಿ ಆಳುಗಳ ಲೈನು ಮನೆಗಳು. ಆ ಮನೆಯ ಯಜಮಾನ ಗಣಿಯೊಳಕ್ಕೆ ಆಳುಗಳನ್ನು ಇಳಿಸಿ ಏರಿಸುವ ಎಂಜಿನು ನಡೆಸುತ್ತಿದ್ದ. ಇಂಗ್ಲಿಷ್ ಮಾತಾಡುವ, ಫ್ರಾಕು ಹಾಕುವ ಜನ. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಗ್ರೇಸಮ್ಮ, ಚಿಕ್ಕವಳು ಮೇಬಲಮ್ಮ. ಇಬ್ಬರೂ ಹಾಡುತ್ತಿದ್ದರು. ಚರ್ಚಿನಲ್ಲಿ ಗ್ರೇಸಮ್ಮ ಹಾಡಿದರೆ ನಮ್ಮವ್ವ ಗೇಟಿನ ಹತ್ತಿರ ಕ್ಯಾನು ಇಳಿಸಿ ನಿಂತುಬಿಡುತ್ತಿದ್ದಳು. ದೇವರು ಬೇರೆಯಾದರೂ ಗಂಟಲು ಗಂಟಲೇ.

ಮೇಬಲಮ್ಮ ಹದಿನೆಂಟು ತುಂಬುವ ಮೊದಲೇ ಬೆಂಗಳೂರಿಗೆ ಹೋಗಿ ಹೋಟೆಲುಗಳಲ್ಲಿ ಹಾಡಿದಳು. ಆಮೇಲೆ ಬೊಂಬಾಯಿ. ಕ್ಯಾಸೆಟ್ಟುಗಳು ಬಂದವು, ಟೀವಿಯಲ್ಲಿ ಬಂದಳು. ಎಲ್ಲ ಕುಣಿಯುವ ಹಾಡುಗಳು. ಮದುವೆಯಾಯಿತು, ಗಂಡ ಬಿಟ್ಟ. ಒಬ್ಬನೇ ಮಗ ಮೂವತ್ತು ದಾಟುವ ಮೊದಲೇ ಹೋದ. ಅದರ ಮಾತನ್ನು ಅವಳು ಎತ್ತುವುದಿಲ್ಲ, ನಾನೂ ಕೇಳುವುದಿಲ್ಲ. ಗ್ರೇಸಮ್ಮ ಮಾತ್ರ ಎಲ್ಲಿಗೂ ಹೋಗಲಿಲ್ಲ. ಮದುವೆಯೂ ಆಗಲಿಲ್ಲ. ಲೈನಿನ ಮಕ್ಕಳಿಗೆ ಜಗಲಿಯ ಮೇಲೆ ಪಾಠ ಹೇಳಿಕೊಟ್ಟುಕೊಂಡು ಬದುಕಿದಳು. ಲೈನಿನಲ್ಲಿ ಅವಳನ್ನು ಟೀಚರಮ್ಮ ಎನ್ನುತ್ತಾರೆ. ಅವಳ ಬೆತ್ತದ ರುಚಿ ನೋಡದ ಕೈ ಆ ಲೈನಿನಲ್ಲಿ ಇಲ್ಲ.

ಗ್ರೇಸಮ್ಮ ಜಾರಿಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದಾಗ ಮೇಬಲಮ್ಮ ಎರಡು ಪೆಟ್ಟಿಗೆ ಎತ್ತಿಕೊಂಡು ವಾಪಸ್ಸು ಬಂದಳು. ಅಕ್ಕನನ್ನು ತೊಳೆದಳು, ತಿನ್ನಿಸಿದಳು, ಬೈಸಿಕೊಂಡಳು. ಹಾಗೆ ಎರಡು ವರ್ಷ ಕಳೆದ ಮೇಲೆ ಒಂದು ದಿನ ಹಾಲು ಅಳೆಯುವಾಗ ನನಗೆ ಹೇಳಿದಳು: "ಪಾಪಮ್ಮಾ, ನಾನು ಇನ್ನೊಂದು ಆಲ್ಬಂ ಮಾಡ್ತಿದ್ದೀನಿ. ಕಡೇದು."

"ಕುಣಿಯೋದಾ?"

"ಅಲ್ಲ. ಅಮೆರಿಕದ ಕರಿಯರ ಹಾಡು. ಸೋಲ್ ಅಂತಾರೆ, ಅಂದ್ರೆ ಆತ್ಮ. ಚಿಕ್ಕವಳಿದ್ದಾಗ ಕ್ಲಬ್ಬಿನ ರೇಡಿಯೋದಲ್ಲಿ ಕೇಳ್ತಿದ್ದೆ. ಇದನ್ನ ಹಾಡಬೇಕು ಅಂತ ಐವತ್ತು ವರ್ಷ ಅಂದ್ಕೊಂಡೆ. ಹೋಟೆಲ್ಲಲ್ಲಿ ಯಾರೂ ಬೇಕು ಅನ್ನಲಿಲ್ಲ. ಕುಡಿಯೋಕೆ ಬಂದೋರು ಅಳೋಕೆ ಇಷ್ಟಪಡಲ್ಲ."

ಬೆಂಗಳೂರಿನಿಂದ ರೋಹನ್ ಎಂಬವನು ಬಂದ. ನಲವತ್ತರ ಆಸುಪಾಸು, ಹಿಂದೆ ಜುಟ್ಟು, ಮಾತು ಬೆಣ್ಣೆ. ಬಂದವನೇ ಗ್ರೇಸಮ್ಮನ ಕಾಲು ಮುಟ್ಟಿದ. ವಾದ್ಯದವರ ಕೆಲಸವೆಲ್ಲ ಬೆಂಗಳೂರಿನಲ್ಲಿ ಮುಗಿದಿತ್ತು. ಇವಳು ಅಕ್ಕನನ್ನು ಬಿಟ್ಟು ಬರಲಾರಳೆಂದು ಮೈಕು, ಲ್ಯಾಪ್‌ಟಾಪು ಎಲ್ಲ ಇಲ್ಲಿಗೇ ತಂದಿದ್ದ. ವಾದ್ಯ ಇವಳ ಕಿವಿಯೊಳಗೆ ಮಾತ್ರ ಕೇಳುತ್ತದೆ, ಇವಳು ಹಾಡಬೇಕು. ಹೊರಗಿನವರಿಗೆ ಕೇಳುವುದು ಇವಳ ಬರಿಯ ಗಂಟಲು. ಇದನ್ನು ನೆನಪಿಡಿ, ಮುಂದಿನ ಗಲಾಟೆಗೆಲ್ಲ ಇದೇ ಮೂಲ.

ಮುಂದಿನ ಕೋಣೆಯ ಕಿಟಕಿಗಳಿಗೆಲ್ಲ ಅವನು ಹಾಸಿಗೆ ಕಟ್ಟಿಸಿದ. ಲೈನಿನ ಕೋಳಿ, ನೀರಿನ ಕೊಡ, ರೈಲು, ಯಾವುದರ ಸದ್ದೂ ಒಳಗೆ ಬರಬಾರದಂತೆ. ಮೇಬಲಮ್ಮನ ಕಿವಿಯೊಳಗೆ ವಾದ್ಯದ ಜೊತೆ ತಾಳ ತಪ್ಪದಿರಲೆಂದು ಟಿಕ್ ಟಿಕ್ ಎನ್ನುವ ಸದ್ದು ಬೇರೆ ಇಟ್ಟ. ಎರಡು ವಾರ ಅವಳು ಆ ಕತ್ತಲ ಕೋಣೆಯಲ್ಲಿ ಗಡಿಯಾರ ನುಂಗಿದವಳ ಹಾಗೆ ಹಾಡಿದಳು. ನಾನು ಹಾಲು ಹಾಕಿ, ಗ್ರೇಸಮ್ಮನ ಮಂಚದ ಪಕ್ಕ ಕೂತು, ರಾತ್ರಿ ನೆನೆಸಿದ ಅವರೆಕಾಳನ್ನು ಹಿತುಕಿಕೊಡುತ್ತಿದ್ದೆ. ಗ್ರೇಸಮ್ಮನಿಗೆ ಹಲ್ಲಿಲ್ಲ. ಹಿತುಕಿದ ಬೇಳೆ ಸಾರಾದರೆ ಎರಡು ಸೌಟು ಹೆಚ್ಚು ಇಳಿಯುತ್ತಿತ್ತು.

ಅವಳು ಮಲಗಿದಲ್ಲಿಂದಲೇ ಕೂಗುತ್ತಿದ್ದಳು: "ಮೇಬಲ್! ಮಿಠಾಯಿ ಚೀಪೋದು ನಿಲ್ಸು! ನನ್ನ ಹಲ್ಲು ನೋಯ್ತದೆ!"

ಮುಂದಿನ ಕೋಣೆಯಿಂದ ಮೇಬಲಮ್ಮ: "ನಿನಗೆಲ್ಲಿದೆ ಹಲ್ಲು?"

"ಇಲ್ದೇ ಇರೋ ಹಲ್ಲೂ ನೋಯ್ತದೆ ಅಂದ್ರೆ ಎಂಥ ಮಿಠಾಯಿ ನೋಡ್ಕೋ!"

ಅಕ್ಕನಿಗೆ ಅವಳ ಯಾವ ಕ್ಯಾಸೆಟ್ಟೂ ಹಿಡಿಸಿರಲಿಲ್ಲ. ಊರೆಲ್ಲ ಕುಣಿದರೂ ಗ್ರೇಸಮ್ಮ ಒಂದೇ ಮಾತು, ಮಿಠಾಯಿ. ಈ ಸಲ ಅಕ್ಕನ ಬಾಯಿಂದ ಒಳ್ಳೆಯದೆನ್ನಿಸಿಕೊಳ್ಳಬೇಕು, ಅವಳು ಕಣ್ಣು ಮುಚ್ಚುವ ಮೊದಲು ಅನ್ನಿಸಿಕೊಳ್ಳಬೇಕು ಎನ್ನುವುದು ಮೇಬಲಮ್ಮನ ಹಟ. ಆಲ್ಬಂ ಊರಿಗಲ್ಲ, ಆ ಮಂಚಕ್ಕೆ.

ಒಂದು ಮಧ್ಯಾಹ್ನ ಅಡುಗೆಮನೆಗೆ ಬಂದು ನನ್ನೆದುರು ಕುಕ್ಕರಿಸಿ ತಾನೂ ಕಾಳು ಹಿತುಕತೊಡಗಿದಳು. ಸಿಪ್ಪೆ ಒಂದು ಕಡೆ, ಬೇಳೆ ಒಂದು ಕಡೆ.

"ಮೇಲಿನ ಸ್ವರಕ್ಕೆ ಹೋದ್ರೆ ಗಂಟಲು ಒಡೀತದೆ ಪಾಪಮ್ಮಾ. ಹೆದರಿಕೆ ಆಗ್ತದೆ."

"ಒಡದ್ರೆ ಒಡೀಲಿ. ಏನು, ಮಡಕೇನಾ?"

"ಐವತ್ತು ವರ್ಷ ಒಡೀದಂಗೆ ಕಾಪಾಡ್ಕೊಂಡೆ ಕಣೇ."

"ಅದಕ್ಕೇ ನಿಮ್ಮಕ್ಕ ಮಿಠಾಯಿ ಅನ್ನೋದು. ಸತ್ತೋರ ಮನೇಗೆ ನನ್ನ ಕರೀತಾರೆ, ಗೊತ್ತಲ್ಲ. ಅಲ್ಲಿ ಗಂಟ್ಲು ಒಡೀದಂಗೆ ಪದ ಯೋಳಿದ್ರೆ ನೆಂಟ್ರು ಏನಂತಾರೆ? ಇವಳೇನು ಮದುವೇಗೆ ಬಂದವಳಾ ಅಂತಾರೆ."

"ಒಂದು ಹೇಳು, ಕೇಳೋಣ."

"ಎಣ ಎಲ್ಲೈತೆ?"

ಅವಳು ನಕ್ಕಳು. ನಾನು ನಗಲಿಲ್ಲ. ಹೆಣವಿಲ್ಲದೆ ಆ ಪದ ಎತ್ತಬಾರದು. ಎತ್ತಿದ ಮನೆಗೆ ಅದು ಹೆಣ ಹುಡುಕಿಕೊಂಡು ಬರುತ್ತದೆ ಎನ್ನುತ್ತಾರೆ. ಇನ್ನೊಂದು ಕಟ್ಟಳೆಯನ್ನೂ ಹೇಳಿದೆ. ಸತ್ತ ಮನೆಯಲ್ಲಿ ಒಬ್ಬಳು ಪದ ಎತ್ತಿದರೆ ಸಾಲಿನ ಕೊನೆಗೆ ಇನ್ನೊಬ್ಬಳು ಸೊಲ್ಲು ಕೊಡಲೇಬೇಕು. ಅವಳು ಹಗೆಯಾಗಿರಲಿ, ಬೇಲಿಗೆ ಜಗಳವಾಡಿದವಳಾಗಿರಲಿ, ಅಳುವವಳ ಸಾಲನ್ನು ನಡುವೆ ಬೀಳಲು ಬಿಡಬಾರದು. ಹಿಡಿದುಕೊಳ್ಳಬೇಕು. ನಾನು ಏಳು ಊರುಗಳಲ್ಲಿ ಹಾಗೆ ಹಿಡಿದುಕೊಂಡಿದ್ದೇನೆ.

"ನನ್ನ ಹಾಡಿಗೂ ಹಿಂದೆ ಹಾಗೇ ಸೊಲ್ಲು ಕೊಡೋರು ಇರ್ತಾರೆ," ಎಂದಳು ಮೇಬಲಮ್ಮ. "ಅಮೆರಿಕದ ಚರ್ಚಲ್ಲಿ ಹಾಗೇ."

"ಅಂಗಾದ್ರೆ ಅವರೂ ಮನುಷ್ಯರೇ," ಎಂದೆ.

ಕ್ರಿಸ್‌ಮಸ್ಸಿಗೆ ಇನ್ನು ಆರು ದಿನ. ಲೈನಿನ ಮನೆಮನೆಯಲ್ಲೂ ಕಾಗದದ ನಕ್ಷತ್ರ ತೂಗಿತ್ತು. ಗಣಿಯ ಪುಡಿಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಮಂಜು ಹತ್ತು ಗಂಟೆಯಾದರೂ ಕರಗಿರಲಿಲ್ಲ. ಅವತ್ತು ಒಂದೇ ಹಾಡನ್ನು ಆರು ಸಲ ಹಾಡಿಸಿದ ರೋಹನ್. ಆರನೆಯದು ಮುಗಿದದ್ದೇ ಮೇಬಲಮ್ಮ ಕಿವಿಯದನ್ನು ಕಿತ್ತು ಎಸೆದಳು.

"ಉಸಿರು ಕಟ್ತದೆ. ಗೋರಿಯೊಳಗೆ ಹಾಡ್ದಂಗೆ. ಪಾಪಮ್ಮಾ, ಬಾ ಇಲ್ಲಿ!"

ಇಬ್ಬರೂ ಸೇರಿ ಕಿಟಕಿಯ ಹಾಸಿಗೆಗಳನ್ನೆಲ್ಲ ಕಿತ್ತು, ದರದರನೆ ಎಳೆದು ನುಗ್ಗೆಮರದ ಬುಡಕ್ಕೆ ಎಸೆದೆವು. ಕಿಟಕಿಗಳನ್ನೆಲ್ಲ ತೆರೆದಳು. "ಆ ಟಿಕ್ ಟಿಕ್ ತೆಗಿ. ವಾದ್ಯ ಮಾತ್ರ ಇರಲಿ," ಎಂದಳು ರೋಹನ್ನಿಗೆ. ಅವನು ಮುಖ ಕಿವುಚಿದರೂ ತೆಗೆದ. ನಾನು ಗ್ರೇಸಮ್ಮನ ಹತ್ತಿರ ಬಂದು ಮತ್ತೆ ಕಾಳಿಗೆ ಕೈ ಹಾಕಿದೆ.

ಅವಳು ಹಾಡಿದಳು. ಇಂಗ್ಲಿಷಿನ ಅರ್ಥ ನನಗೆ ತಿಳಿಯದು. ಯಾರನ್ನೋ ಹೋಗಬೇಡವೆಂದು ಕೇಳುತ್ತಿದ್ದಳು, ಹೋದವನನ್ನು. ಅಷ್ಟು ತಿಳಿಯುವುದಕ್ಕೆ ಇಂಗ್ಲಿಷ್ ಬೇಕಿಲ್ಲ. ದನಿ ಮೇಲಕ್ಕೆ ಹೋಯಿತು, ಇನ್ನೂ ಮೇಲಕ್ಕೆ ಹೋಯಿತು, ಅಲ್ಲಿ ಒಡೆಯಿತು. ಎಂದಿನಂತೆ ಇಳಿಸಿಕೊಳ್ಳಲಿಲ್ಲ. ಒಡೆದದ್ದನ್ನೇ ಎತ್ತಿಕೊಂಡು ಮುಂದೆ ಹೋದಳು, ಒಡೆದ ಕೊಡದಲ್ಲೇ ನೀರು ತರುವವಳ ಹಾಗೆ. ಗ್ರೇಸಮ್ಮ ನನ್ನ ಮಣಿಕಟ್ಟು ಹಿಡಿದಳು. ಕೊನೆಯ ಸಾಲು ಬೀಳತೊಡಗಿತು. ಬಿತ್ತು, ಬಿತ್ತು, ಹಿಡಿಯುವವರಿಲ್ಲ.

ನನ್ನ ಬಾಯಿ ತಾನಾಗಿ ತೆರೆಯಿತು. "ನನ್ನವ್ವಾ..." ಎಂದು ಸೊಲ್ಲು ಕೊಟ್ಟುಬಿಟ್ಟೆ. ಗಂಟಲು ತುಂಬಿ, ಏಳು ಊರಿಗೆ ಕೇಳುವ ಹಾಗೆ. ಅವಳು ನಿಲ್ಲಿಸಲಿಲ್ಲ. ಆ ಸೊಲ್ಲಿನ ಮೇಲೆ ಕಾಲಿಟ್ಟು ಮತ್ತೆ ಹತ್ತಿದಳು. ನಾನು ಮತ್ತೆ ಕೊಟ್ಟೆ. ಮೂರು ಸಲ. ಕೈಯಲ್ಲಿ ಹಿತುಕಿದ ಬೇಳೆ ಹಾಗೇ ಇತ್ತು.

ಹಾಡು ನಿಂತಿತು. ಗ್ರೇಸಮ್ಮ ಸೂರು ನೋಡುತ್ತಾ ಹೇಳಿದಳು: "ಈಗ. ಈಗ ಹಾಡಿದ್ಲು ನನ್ನ ತಂಗಿ."

ಮೇಬಲಮ್ಮ ಬಾಗಿಲಲ್ಲಿ ನಿಂತು ಅದನ್ನು ಕೇಳಿದಳು. ಆದರೆ ಆ ಮಾತನ್ನು ನುಂಗಲು ಅವಳಿಗೆ ಸಮಯ ಸಿಗಲಿಲ್ಲ. ಗೇಟು ಧಡಾರೆಂದಿತು.

ಮುಂದೆ ಲೈನಿನ ಸೆಲ್ವಿ. ಕೂದಲು ಬಿಚ್ಚಿಕೊಂಡು, ಎದೆ ಬಡಿದುಕೊಳ್ಳುತ್ತಾ: "ಅಯ್ಯೋ ಟೀಚರಮ್ಮಾ! ಪೋಯಿಟ್ಟೀಂಗಳಾ! ನಮ್ಮನ್ನ ಬಿಟ್ಟು ಹೋಗ್ಬಿಟ್ರಾ!" ಅವಳ ಹಿಂದೆ ಮೂವತ್ತು ಜನ. ಗಣಿಯಲ್ಲಿ ಮೂವತ್ತು ವರ್ಷ ದುಡಿದು ಪುಪ್ಪುಸ ಕಳೆದುಕೊಂಡ ಕುಪ್ಪಣ್ಣ ಚೆಂಡುಹೂವಿನ ಹಾರ ಹಿಡಿದು ಕೆಮ್ಮುತ್ತಾ ಬಂದ. ಯಾರೋ ಒಲೆ ಆರಿಸಿ ಬಂದಿದ್ದರು, ಯಾರೋ ಚರ್ಚಿನ ಗಂಟೆ ಹೊಡೆಸಲು ಓಡಿದ್ದರು. ಶವದ ಪೆಟ್ಟಿಗೆ ಮಾಡುವವನಿಗೂ ಫೋನು ಹೋಗಿತ್ತು. ಅವನು ಅಳತೆಯ ಟೇಪು ಹಿಡಿದು ಸೈಕಲ್ಲಿನಿಂದ ಇಳಿದ.

ಅವರ ತಪ್ಪೇನು? ಟೀಚರಮ್ಮ ಹಾಸಿಗೆ ಹಿಡಿದಿರುವುದು ಎಲ್ಲರಿಗೂ ಗೊತ್ತು. ಸತ್ತವರ ಹಾಸಿಗೆಯನ್ನು ಅಂಗಳಕ್ಕೆ ಎಸೆಯುವುದು ನಮ್ಮ ಪದ್ಧತಿ. ನುಗ್ಗೆಮರದ ಕೆಳಗೆ ಹಾಸಿಗೆ ಬಿದ್ದದ್ದನ್ನು ಕಂಡರು. ಅದರ ಮೇಲೆ ತಂಗಿಯ ಬರಿಯ ಗಂಟಲು. ಅದರ ಮೇಲೆ ಪಾಪಮ್ಮನ ಸೊಲ್ಲು. ಇನ್ನು ಯಾರನ್ನು ಕೇಳಬೇಕು?

ಸೆಲ್ವಿ ಒಳಗೆ ನುಗ್ಗಿ ಮಂಚದ ಕಾಲಿಗೆ ಬಿದ್ದಳು.

"ಏಳು ಸೆಲ್ವಿ," ಎಂದಳು ಗ್ರೇಸಮ್ಮ. "ಏಳರ ಮಗ್ಗಿ ತಪ್ಪಿದಾಗಲೂ ಹೀಗೇ ಬೀಳ್ತಿದ್ದೆ."

ಸೆಲ್ವಿ ಕಿರುಚಿ ಗೋಡೆಗೆ ಅಂಟಿಕೊಂಡಳು. ಕುಪ್ಪಣ್ಣ ಹಾರವನ್ನು ಬೆನ್ನ ಹಿಂದೆ ಮುಚ್ಚಿಟ್ಟ.

"ಅದೇನು ಮುಚ್ಚಿಡ್ತೀಯ ಕುಪ್ಪಾ? ಇಲ್ಲಿ ತಾ, ಹಾಕು. ಸತ್ತ ಮೇಲೆ ಹಾಕಿದ್ರೆ ನನಗೇನು ವಾಸನೆ ಗೊತ್ತಾಗ್ತದಾ? ಪೆಟ್ಟಿಗೆಯವನನ್ನೂ ಕರಿ. ಬಂದಿದ್ದಾನೆ, ಅಳತೆ ತಗೊಂಡು ಹೋಗ್ಲಿ."

ಅವನು ನಿಜವಾಗಿಯೂ ಅಳತೆ ತೆಗೆದುಕೊಂಡ. ಟೀಚರಮ್ಮ ಹೇಳಿದ ಮೇಲೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ?

ಸೆಲ್ವಿ ನನ್ನ ಮೇಲೆ ತಿರುಗಿದಳು. "ನೀ ತಾನೇ ಸೊಲ್ಲು ಕೊಟ್ಟಿದ್ದು? ಹಾಡೋ ಅಮ್ಮನ್ನ ನಾವು ನಂಬ್ತಿರ್ಲಿಲ್ಲ. ನಿನ್ನ ಗಂಟ್ಲು ಕೇಳಿ ತಾನೇ ಒಲೆ ಆರ್ಸಿ ಬಂದಿದ್ದು! ಸುಳ್ಳು ಸಾವಿಗೆ ಅಳ್ತೀಯಾ, ನಾಚ್ಕೆ ಇಲ್ವಾ?"

"ಬಾಯಿ ತಾನಾಗೇ ತೆರ್ಕೊಂತು ಕಣೇ," ಎಂದೆ. ಹೆಣವಿಲ್ಲದೆ ಸೊಲ್ಲು ಕೊಟ್ಟದ್ದಕ್ಕೆ ಮರುದಿನ ಊರಿನ ಅಮ್ಮನ ಗುಡಿಯಲ್ಲಿ ತಪ್ಪುಗಾಯಿ ಒಡೆದೆ.

ಆಗ ರೋಹನ್ ತಲೆಯ ಮೇಲೆ ಕೈಹೊತ್ತು ಬಂದ. "ಟೇಕ್ ಹಾಳಾಯ್ತು ಆಂಟಿ. ಮೇಲೆ ವಾಯ್ಸ್ ಒಡೆದಿದೆ. ಈ ಅಜ್ಜಿ ದನಿ ಸೇರ್ಕೊಂಡಿದೆ. ಕೊನೇಲಿ ಗೇಟು."

ಮೇಬಲಮ್ಮ ಅವನ ಮುಂದೆ ನಿಂತಳು. "ಬೇರೆ ಹಾಡು ನೀನು ಏನು ಬೇಕಾದ್ರೂ ಮಾಡ್ಕೋ. ಇದೊಂದು ಹೀಗೇ ಇರಬೇಕು. ಗೇಟೂ ಇರಲಿ."

"ಆಂಟಿ, ಜನ..."

"ಇಲ್ಲಿ ಬಾ ಮಗೂ," ಎಂದಳು ಗ್ರೇಸಮ್ಮ. ದಿಂಬಿನ ಕೆಳಗಿನಿಂದ ಬೈಬಲ್ಲು ತೆಗೆದಳು. "ಕೈ ಇಡು."

ಅವನು ಕೈಯಿಟ್ಟ. "ಹೀಗೇ ಇಡ್ತೀನಿ," ಎಂದ. ಮೂವತ್ತು ಜನರ ಎದುರು. ಕೊರಳಲ್ಲಿ ಚೆಂಡುಹೂವಿನ ಹಾರ ಹಾಕಿಕೊಂಡು ಮಲಗಿದ್ದ ಎಂಬತ್ತರ ಮುದುಕಿಯ ಎದುರು. ನಾನು ಕಣ್ಣಾರೆ ನೋಡಿದೆ.

ಆಲ್ಬಂ ಬಂದದ್ದು ಮಾವಿನಕಾಯಿ ಲಾರಿಗಳು ಓಡಾಡುವ ಕಾಲಕ್ಕೆ. ನಾನು ಹಾಲು ಅಳೆಯುತ್ತಿದ್ದೆ, ಮೇಬಲಮ್ಮ ಫೋನು ಹಿಡಿದು ಜಗಲಿಗೆ ಓಡಿ ಬಂದಳು. ಎಪ್ಪತ್ತೆರಡರ ಹೆಂಗಸು ಓಡಿದ್ದನ್ನು ಅವತ್ತೇ ನೋಡಿದ್ದು. "ಬಂತು ಪಾಪಮ್ಮಾ! ನಮ್ಮ ಹಾಡು ಕೇಳು."

ಕೇಳಿದೆ. ನುಣುಪಾದ ದನಿ. ಮೇಲಕ್ಕೆ ಹೋಯಿತು, ಎಲ್ಲಿಯೂ ತಡೆಯದೆ ಎಣ್ಣೆ ಹಚ್ಚಿದ ಹಾಗೆ ಕೆಳಗಿಳಿಯಿತು. ಸಾಲು ಬೀಳುವ ಜಾಗದಲ್ಲಿ ಯಾವುದೋ ಹುಡುಗಿಯರು ಊ ಊ ಎಂದರು, ನೊಣ ಗುಂಯ್‌ಗುಟ್ಟಿದಂತೆ. ಗೇಟೂ ಇರಲಿಲ್ಲ.

ಮೇಬಲಮ್ಮನ ಮುಖ ನೋಡಿದೆ. ಸಿಟ್ಟಾಗುತ್ತಾಳೆಂದುಕೊಂಡಿದ್ದೆ. ಇಲ್ಲ. ಅವಳು ಹಿಗ್ಗಿದ್ದಳು.

"ಎಷ್ಟು ಚೆನ್ನಾಗಿ ಕೇಳ್ತೀನಿ ನೋಡು," ಎಂದಳು. "ಇಪ್ಪತ್ತೈದು ವರ್ಷದವಳ ಹಾಗೆ."

ನನಗೆ ರೋಹನ್ನಿನ ಮೇಲಿನದಕ್ಕಿಂತ ಅವಳ ಮೇಲೆ ಹೆಚ್ಚು ಸಿಟ್ಟು ಬಂದದ್ದು ಆಗಲೇ. ಕಳ್ಳ ಕದಿಯುತ್ತಾನೆ, ಅದು ಅವನ ಕಸುಬು. ಕಳಕೊಂಡವಳು ಕುಣಿಯುತ್ತಾಳೆಂದರೆ?

"ಇದು ನೀನಲ್ಲ," ಎಂದೆ.

"ನಾನೇ ಕಣೇ. ಸ್ವಲ್ಪ ಸರಿಮಾಡಿದ್ದಾನೆ ಅಷ್ಟೇ."

"ಏನಾಗಿತ್ತು ಅಂತ ಸರಿಮಾಡ್ದ? ಕುಂಟು ಎಮ್ಮೇನ ಮಾರೋನು ಸಂತೇಲಿ ಕಾಲಿಗೆ ಎಣ್ಣೆ ತಿಕ್ತಾನೆ. ನೀನು ಸಂತೇಲಿ ನಿಂತಿದ್ಯಾ? ಆ ದಿನ ನಿನ್ನ ಗಂಟ್ಲು ಕೇಳಿ ಮೂವತ್ತು ಜನ ಒಲೆ ಆರ್ಸಿ ಬಂದ್ರು. ಇದನ್ನ ಕೇಳಿ ಯಾರು ಬತ್ತಾರೆ? ನಾಯಿನೂ ಬರಲ್ಲ."

"ನಿನ್ನ ದನಿ ತೆಗೆದ್ರು ಅಂತ ನಿನಗೆ ಉರಿ," ಎಂದಳು.

"ನನ್ನ ದನಿ ಯಾವೋನಿಗೆ ಬೇಕು? ನಾನು ಸತ್ತ ಮನೇಲಿ ಯೋಳೋಳು. ಸತ್ತೋರೇ ಎದ್ದು ಸಾಕು ಅಂದಿಲ್ಲ ಇದುವರ್ಗೂ."

ಅವಳು ಒಳಗೆ ಹೋದಳು. ನಾನೂ ಹಿಂದೆ ಹೋದೆ. ಅಕ್ಕನ ಕಿವಿಯ ಹತ್ತಿರ ಫೋನು ಹಿಡಿದು ಹಾಡು ಹಾಕಿದಳು. ಯಾರದೆಂದು ಹೇಳಲಿಲ್ಲ. ಗ್ರೇಸಮ್ಮ ಆ ಹೊತ್ತಿಗೆ ತುಂಬ ಸೊರಗಿದ್ದಳು. ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ಯಾರು ಈ ಹುಡುಗಿ?" ಎಂದಳು. "ಚೆನ್ನಾಗಿ ಹಾಡ್ತಾಳೆ." ಕಣ್ಣು ತೆರೆದು, "ಪಾಪ, ಇನ್ನೂ ಏನೂ ಕಳ್ಕೊಂಡಿಲ್ಲ," ಎಂದಳು.

ಮೇಬಲಮ್ಮನ ಕೈಯಲ್ಲಿ ಫೋನು ಹಾಗೇ ಇತ್ತು. ಮುಂದಿನ ಹಾಡು ತಾನಾಗಿ ಶುರುವಾಯಿತು. ಅವಳು ಆರಿಸಲಿಲ್ಲ, ನಾನೇ ಕಿತ್ತುಕೊಂಡು ಎಲ್ಲೋ ಒತ್ತಿ ಆರಿಸಿದೆ. ಮಗನನ್ನು ಮಣ್ಣಿಗಿಟ್ಟವಳ ಗಂಟಲು ಅದು. ಅದನ್ನು ತೊಳೆದು, ಇಸ್ತ್ರಿ ಹಾಕಿ, ಏನೂ ಕಳೆದುಕೊಳ್ಳದವಳ ಗಂಟಲು ಮಾಡಿ ಕಳಿಸಿದ್ದ ಆ ಬೈಬಲ್ಲಿನ ಗಂಡಸು. ಅವಳು ಅದನ್ನು ಮುಖಕ್ಕೆ ಬಳಿದುಕೊಂಡು ಹಿಗ್ಗಿದ್ದಳು. ಅಕ್ಕನ ಎರಡು ಮಾತಿಗೆ ಬಣ್ಣ ಇಳಿಯಿತು.

ಅಡುಗೆಮನೆಗೆ ಬಂದು ರೋಹನ್ನಿಗೆ ಫೋನು ಮಾಡಿದಳು. ನನಗೂ ಕೇಳಲೆಂದು ಜೋರಾಗಿ ಇಟ್ಟಳು. ಆ ದಿನದ್ದನ್ನು ಹಾಗೇ ಕಳಿಸು, ನಮ್ಮಕ್ಕನಿಗೆ ಬೇಕು ಎಂದಳು. ಅವನು ಅದೂ ಇದೂ ಹೇಳಿದ. ಕಂಪನಿಯವರು ಒಪ್ಪಲಿಲ್ಲವಂತೆ. ಈಗಿನವರ ಕಿವಿ ತಡೆಯುವುದಿಲ್ಲವಂತೆ. ಕೊನೆಗೆ ಹೇಳಿದ: "ಆ ಟೇಕು ಇಲ್ಲ ಆಂಟಿ. ಅದರ ಮೇಲೇ ಕೆಲಸ ಮಾಡ್ಬಿಟ್ವಿ. ಹಳೇದು ಉಳಿಸಿಲ್ಲ."

ನಾನು ಬಾಯಿ ಹಾಕಿದೆ. "ಏನ್ಲಾ ರೋಹನ್ನು, ಬೈಬಲ್ಲಿನ ಮ್ಯಾಲೆ ಕೈಯಿಟ್ಟಿದ್ದೆ, ಗೆಪ್ತಿ ಐತೇನ್ಲಾ?"

"ಅಜ್ಜಿ, ನಿಮಗೆ ಇದೆಲ್ಲ ಅರ್ಥ ಆಗಲ್ಲ."

"ಆಗಲ್ಲ ಕಣಪ್ಪ. ಆಲಿಗೆ ನೀರಾಕೋದು ಗೊತ್ತು ನನಗೆ. ಆಕೂ ಇದ್ದೀನಿ, ಇಲ್ಲ ಅನ್ನಲ್ಲ. ಆದ್ರೆ ಆಲೆಲ್ಲ ಚೆಲ್ಲಿ ಬರೀ ನೀರು ಕೊಟ್ಟು, ನೊರೆ ನೋಡಿ ಎಷ್ಟು ಚೆನ್ನಾಗೈತೆ ಅಂತ ಯಾವತ್ತೂ ಅಂದಿಲ್ಲ."

ಅವನು ಫೋನಿಟ್ಟ.

ಆಮೇಲೆ ಮೇಬಲಮ್ಮ ಹಾಡುವುದನ್ನು ಬಿಟ್ಟಳು. ಸ್ನಾನ ಮಾಡುವಾಗ ಗುನುಗುತ್ತಿದ್ದವಳು ಅದನ್ನೂ ಬಿಟ್ಟಳು. ಪೇಪರಿನಲ್ಲಿ ಅವಳ ಫೋಟೋ ಬಂತು, ವಯಸ್ಸೇ ತಾಕದ ಕಂಠವೆಂದು ಬರೆದಿದ್ದರು. ಅಕ್ಷರ ಕೂಡಿಸಿಕೊಂಡು ನಾನೇ ಓದಿದೆ. ಆ ಪೇಪರಿನಲ್ಲಿ ಬೆರಣಿ ಹೊತ್ತಿಸಿದೆ, ಚೆನ್ನಾಗಿ ಹತ್ತಿಕೊಂಡಿತು. ಮಳೆಗಾಲ ಕಳೆಯಿತು. ಗ್ರೇಸಮ್ಮ ಒಂದೆರಡು ಸಲ ಕೇಳಿದಳು: "ಆ ದಿನ ಹಾಡಿದ್ಯಲ್ಲ, ಅದು ಯಾವಾಗ ಬರ್ತದೆ?" ಮೇಬಲಮ್ಮ "ಬರ್ತದೆ" ಎನ್ನುತ್ತಿದ್ದಳು. ಸುಳ್ಳನ್ನು ಹೇಳುವುದು ಅವಳ ಪಾಲಿಗೆ ಬಂತು, ಸುಳ್ಳು ಮಾಡಿದವನು ಬೆಂಗಳೂರಿನಲ್ಲಿ ಇನ್ನೊಬ್ಬರ ಗಂಟಲು ತೊಳೆಯುತ್ತಿದ್ದ.

ಮತ್ತೆ ಅವರೆಕಾಯಿ ಬಂತು. ಮೊದಲ ಸೊಗಡು ಇಳಿಯುವ ಹೊತ್ತಿಗೆ, ಒಂದು ಬೆಳಗ್ಗೆ ನಾನು ಹಾಲು ಹಾಕಲು ಹೋದಾಗ, ಗ್ರೇಸಮ್ಮ ಹೋಗಿದ್ದಳು. ಸೆಲ್ವಿಗೆ ನಾನೇ ಗೋಡೆಯ ಮೇಲಿಂದ ಕೂಗಿದೆ.

"ನಿಜಾನ? ಇಲ್ಲಾ ರೆಕಾರ್ಡಿಂಗಾ?" ಎಂದಳು.

"ಬಂದು ನೋಡು."

ಬಂದು ನೋಡಿದ ಮೇಲೆ ಕೂದಲು ಬಿಚ್ಚಿದಳು. ಲೈನೆಲ್ಲ ಬಂತು. ಪೆಟ್ಟಿಗೆಯವನು ಅಳತೆಗೆ ಬರಲಿಲ್ಲ, ನೇರವಾಗಿ ಪೆಟ್ಟಿಗೆಯನ್ನೇ ತಂದ. ಅಳತೆಯ ಚೀಟಿ ಒಂದು ವರ್ಷದಿಂದ ಅವನ ಜೇಬಿನಲ್ಲೇ ಇತ್ತು.

ಪೆಟ್ಟಿಗೆ ಮುಚ್ಚುವ ಮೊದಲು ಎಲ್ಲರೂ ಜಗಲಿಯಲ್ಲಿ ಸೇರಿದ್ದರು. ಒಳ್ಳೆಯದಾಗಲೆಂದೇ ಕುಪ್ಪಣ್ಣ ಯಾರಿಂದಲೋ ಸ್ಪೀಕರು ತರಿಸಿ ಮೇಬಲಮ್ಮನ ಆಲ್ಬಂ ಹಾಕಿಸಿದ. ತಂಗಿಯ ಹಾಡು ಕೇಳುತ್ತಾ ಅಕ್ಕ ಹೋಗಲಿ ಎಂದು ಅವನ ಲೆಕ್ಕ. ಅದೇ ಹಾಡು ಬಂತು. ನುಣುಪು ಗಂಟಲು, ಊ ಊ.

ಮೇಬಲಮ್ಮ ತಲೆಯೆತ್ತಿದಳು. "ಪಾಪಮ್ಮಾ, ಆ ವೈರು ಕಿತ್ತಾಕು."

ಕಿತ್ತುಹಾಕಿದೆ. ಅವಳು ಪೆಟ್ಟಿಗೆಯ ಅಂಚು ಹಿಡಿದು ನಿಂತಳು. ಆರು ತಿಂಗಳು ಬಾಯಿಬಿಡದ ಗಂಟಲು. ಮೊದಲ ಸಾಲಿಗೇ ಒಡೆಯಿತು. ಒಡೆದದ್ದನ್ನೇ ಎತ್ತಿಕೊಂಡು ಹತ್ತಿದಳು. ಲೈನಿನ ಹೆಂಗಸರು ಒಬ್ಬರ ಹೆಗಲಿಗೆ ಒಬ್ಬರು ಕೈ ಹಾಕಿ ಸುತ್ತ ಕೂತರು. ಸಾಲು ಬೀಳುವ ಜಾಗಕ್ಕೆ ನಾನು ಸೊಲ್ಲು ಕೊಟ್ಟೆ, ಸೆಲ್ವಿ ತಮಿಳಿನಲ್ಲಿ ಕೊಟ್ಟಳು, ಮೂರನೆಯ ಸಲಕ್ಕೆ ಎಲ್ಲರೂ ಕೊಟ್ಟರು. ಈ ಸಲ ಹೆಣವಿತ್ತು. ಯಾರೂ ತಪ್ಪುಗಾಯಿ ಒಡೆಯಬೇಕಾಗಿರಲಿಲ್ಲ.

ಮಣ್ಣು ಕೊಟ್ಟು ಬಂದ ಮೇಲೆ ನಾನು ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದೆ. ರೋಹನ್ ಬಂದು ನಿಂತ. ಯಾವಾಗ ಬಂದಿದ್ದನೋ, ಜಗಲಿಯ ಕೊನೆಯಲ್ಲಿ ಬಿಳಿ ಹೂವು ಹಿಡಿದು ನಿಂತು ಎಲ್ಲ ಕೇಳಿದ್ದನಂತೆ. ಕಣ್ಣು ಕೆಂಪಾಗಿದ್ದವು, ಅದನ್ನು ಇಲ್ಲವೆನ್ನುವುದಿಲ್ಲ.

"ಅಜ್ಜಿ, ಮೇಬಲ್ ಆಂಟೀನ ಕೇಳೋಕೆ ನನಗೆ ಮುಖ ಇಲ್ಲ. ನೀವು ಕೇಳಿ. ಆ ಹಾಡು ಇನ್ನೊಂದು ಸಲ... ಈಗ ಹಾಡಿದ್ರಲ್ಲ ಹಾಗೇ. ನಿಮ್ಮ ಸೊಲ್ಲೂ ಇರಲಿ. ಈ ಸಲ ಏನೂ ಮುಟ್ಟಲ್ಲ. ಫೋನಲ್ಲಾದ್ರೂ ಹಿಡ್ಕೊಳ್ತೀನಿ."

"ಇನ್ನೊಂದು ಎಣ ತಕ್ಕೊಂಬಾಪ್ಪ," ಎಂದೆ. "ಯೋಳ್ತೀವಿ."

ಅವನು ಫೋನನ್ನು ಜೇಬಿಗೆ ಇಳಿಸಿದ. ನಾನು ಖಾಲಿ ಕ್ಯಾನು ಎತ್ತಿಕೊಂಡೆ. ಸಂಜೆಯ ಹಾಲು ಕರೆಯಬೇಕಿತ್ತು, ರೈಲಿಗೆ ಹೊತ್ತಾಗಿತ್ತು. ಸಾವಿನ ಮನೆಯಿಂದ ಹೊರಡುವವರು ಬರುತ್ತೇನೆ ಎನ್ನಬಾರದು. ಮೇಬಲಮ್ಮ ಜಗಲಿಯಲ್ಲಿ ಕೂತಿದ್ದಳು. ಅವಳಿಗೆ ಏನೂ ಹೇಳದೆ ಗೇಟು ದಾಟಿದೆ, ಗೇಟು ಧಡಾರೆಂದಿತು.